ಟಿಎಲ್494 ಚಿಪ್‌ನ ಆಸಿಲೇಟರ್ ಆವರ್ತನವನ್ನು ಲೆಕ್ಕ ಹಾಕುವ ಬಗೆ

ಟಿಎಲ್494 ಸ್ವಿಚಿಂಗ್ ಪವರ್ ಸಪ್ಲೈಗಳನ್ನು ನಿಯಂತ್ರಿಸುವ ಚಿಪ್. ಅದರಲ್ಲಿ ಸ್ವಿಚಿಂಗ್‌ಗೆ ತಾಳ ಹಾಕುವ ಆಸಿಲೇಟರ್‌ನ ಆವರ್ತನವನ್ನು ನಿರ್ಧರಿಸುವ ಬಿಡಿಭಾಗಗಳು ಎರಡೇ: 6ನೇ ಪಿನ್‌ನಿಂದ ಗ್ರೌಂಡ್‌ಗೆ ಹೋಗುವ ರೆಸಿಸ್ಟರ್ ಆರ್‌ಟಿ ಮತ್ತು 5ನೇ ಪಿನ್‌ನಿಂದ ಗ್ರೌಂಡ್‌ಗೆ ಹೋಗುವ ಕೆಪ್ಯಾಸಿಟರ್ ಸಿಟಿ. ಆರ್‌ಟಿಯಲ್ಲಿ ಹರಿಯುವ ಕರೆಂಟ್ 3 ವೋಲ್ಟ್ ಭಾಗಿಸು ಆರ್‌ಟಿ. ಅಷ್ಟೇ ಕರೆಂಟ್ ಸಿಟಿಯನ್ನು ಸೊನ್ನೆಯಿಂದ ಸುಮಾರು 3 ವೋಲ್ಟ್‌ವರೆಗೆ ಚಾರ್ಜ್ ಮಾಡುತ್ತದೆ, ಅಲ್ಲಿಂದ ಅದನ್ನು ಥಟ್ಟನೆ ಖಾಲಿಯಾಗಿಸುತ್ತದೆ ಚಿಪ್. ಎರಡೂ ಕಡೆಯ 3 ವೋಲ್ಟ್ ಹೊಡೆದುಹೋಗುವುದರಿಂದ ಉಳಿಯುವ ಸೂತ್ರ ಸರಳವಾದುದು:

ಆವರ್ತನ = 1 ÷ (ಆರ್‌ಟಿ × ಸಿಟಿ)

ಕೆಲವು ಡೇಟಾಶೀಟ್‌ಗಳಲ್ಲಿ 1ರ ಬದಲು 1.1 ಎಂದಿರುತ್ತದೆ, ನಿಮ್ಮ ಕೈಯಲ್ಲಿರುವ ಚಿಪ್‌ನ ತಯಾರಕರು ಕೊಟ್ಟಿರುವುದನ್ನೇ ಬಳಸಿ.

ಹೆಚ್ಚಿನವರು ಎಡವುವುದು ಸೂತ್ರದಲ್ಲಲ್ಲ, ಯಾವ ಆವರ್ತನವನ್ನು ಅದರಲ್ಲಿ ಹಾಕಬೇಕು ಎಂಬಲ್ಲಿ. 13ನೇ ಪಿನ್ ಗ್ರೌಂಡ್‌ಗೆ ಸೇರಿದ್ದರೆ ಔಟ್‌ಪುಟ್ ಆವರ್ತನವೂ ಆಸಿಲೇಟರ್ ಆವರ್ತನವೂ ಒಂದೇ. ಅದೇ ಪಿನ್ 14ನೇ ಪಿನ್‌ನ 5 ವೋಲ್ಟ್ ರೆಫರೆನ್ಸ್‌ಗೆ ಸೇರಿದ್ದರೆ, ಅಂದರೆ ಪುಶ್-ಪುಲ್ ವಿಧಾನದಲ್ಲಿ, ಎರಡು ಟ್ರಾನ್ಸಿಸ್ಟರ್‌ಗಳು ಸರದಿಯಂತೆ ಕೆಲಸ ಮಾಡುವುದರಿಂದ ಪ್ರತಿಯೊಂದಕ್ಕೂ ಸಿಗುವುದು ಅರ್ಧ ಆವರ್ತನ ಮಾತ್ರ.

ಪುಶ್-ಪುಲ್ ವಿಧಾನದಲ್ಲಿ ಟ್ರಾನ್ಸ್‌ಫಾರ್ಮರ್ 40 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡಬೇಕೆಂದುಕೊಳ್ಳೋಣ. ಆಗ ಆಸಿಲೇಟರ್‌ಗೆ ಬೇಕಾದದ್ದು 80. ಕೆಪ್ಯಾಸಿಟರ್‌ಗಳು ಕೆಲವೇ ಮೌಲ್ಯಗಳಲ್ಲಿ ಸಿಗುವುದರಿಂದ ಸಿಟಿಯನ್ನು ಮೊದಲು ಆರಿಸುವುದು ಲೇಸು. 1 ನ್ಯಾನೋಫ್ಯಾರಡ್ ಇಟ್ಟರೆ ಆರ್‌ಟಿ 12.5 ಕಿಲೋಓಮ್ ಬರುತ್ತದೆ. ಹತ್ತಿರದ ಪ್ರಮಾಣಿತ ಮೌಲ್ಯಗಳು 12 ಮತ್ತು 13. ನಾನು 12ನ್ನೇ ಆರಿಸುತ್ತೇನೆ: ಆವರ್ತನ ಇಳಿದಷ್ಟೂ ಕೋರ್‌ನ ಕಾಂತೀಯ ಫ್ಲಕ್ಸ್ ಏರಿ ಸ್ಯಾಚುರೇಶನ್ (ಕೋರ್ ಇನ್ನಷ್ಟು ಫ್ಲಕ್ಸ್ ಹಿಡಿಯಲಾರದ ಸ್ಥಿತಿ) ಹತ್ತಿರವಾಗುತ್ತದೆ, ಆದ್ದರಿಂದ ತಪ್ಪುವುದಾದರೆ ಮೇಲಕ್ಕೆ ತಪ್ಪಲಿ. 12 ಕಿಲೋಓಮ್‌ಗೆ ಆಸಿಲೇಟರ್ 83.3, ಔಟ್‌ಪುಟ್ ಸುಮಾರು 41.7 ಕಿಲೋಹರ್ಟ್ಸ್. ರೆಸಿಸ್ಟರ್ 1%, ಕೆಪ್ಯಾಸಿಟರ್ 5% ಹೆಚ್ಚಿದ್ದರೂ ಔಟ್‌ಪುಟ್ 39ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಿಟಿಗೆ ಸಿ0ಜಿ (ತಾಪಮಾನಕ್ಕೆ ಬಹುತೇಕ ಬದಲಾಗದ) ಸೆರಾಮಿಕ್ ಅಥವಾ ಫಿಲ್ಮ್ ಕೆಪ್ಯಾಸಿಟರ್ ಬಳಸಿ. ಅಗ್ಗದ ಸೆರಾಮಿಕ್‌ಗಳ ಮೌಲ್ಯ ತಾಪಮಾನದೊಂದಿಗೆ ಜಾರುತ್ತದೆ.

ಆರ್‌ಟಿ 1.8ರಿಂದ 500 ಕಿಲೋಓಮ್, ಸಿಟಿ 470 ಪಿಕೋಫ್ಯಾರಡ್‌ನಿಂದ 10 ಮೈಕ್ರೋಫ್ಯಾರಡ್, ಆವರ್ತನ 1ರಿಂದ 300 ಕಿಲೋಹರ್ಟ್ಸ್: ಈ ಮಿತಿಯನ್ನು ಮೀರಬಾರದು. ಇದೇ ಸೂತ್ರವನ್ನು ಬೇರೆ ಚಿಪ್‌ಗೆ ಒಯ್ಯಲೂಬಾರದು. ಯುಸಿ3842ರಲ್ಲಿ ಆರ್‌ಟಿ 5 ಕಿಲೋಓಮ್‌ಗಿಂತ ಹೆಚ್ಚಿದ್ದಾಗ ಸೂತ್ರದ 1ರ ಜಾಗದಲ್ಲಿ ಬರುವುದು 1.72, ಅದರ ಸೋದರ ಯುಸಿ3844ರಲ್ಲಿ ಔಟ್‌ಪುಟ್ ಮತ್ತೆ ಅರ್ಧವಾಗುತ್ತದೆ.

ಅಳೆಯುವಾಗ ಆಸಿಲೋಸ್ಕೋಪ್‌ನ ಪ್ರೋಬ್ ಅನ್ನು 5ನೇ ಪಿನ್‌ಗೆ ಇಟ್ಟರೆ ಅದರದೇ ಹತ್ತು-ಹದಿನೈದು ಪಿಕೋಫ್ಯಾರಡ್ ಸಿಟಿಗೆ ಸೇರಿಕೊಂಡು ಆವರ್ತನ ಒಂದು ಶೇಕಡಾದಷ್ಟು ಕುಸಿಯುತ್ತದೆ. ಆದ್ದರಿಂದ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್‌ಗಳಾದ 8 ಮತ್ತು 11ನೇ ಪಿನ್‌ಗಳಿಗೆ ಪುಲ್-ಅಪ್ ರೆಸಿಸ್ಟರ್ ಕೊಟ್ಟು ಅಲ್ಲೇ ಅಳೆಯಿರಿ. ಅಲ್ಲಿ 41.7ರ ಬದಲು 83 ಕಂಡರೆ 13ನೇ ಪಿನ್ ಗ್ರೌಂಡ್‌ಗೆ ಸೇರಿದೆ, ಎರಡೂ ಟ್ರಾನ್ಸಿಸ್ಟರ್‌ಗಳು ಒಟ್ಟಿಗೆ ಆನ್ ಆಗುತ್ತಿವೆ ಎಂದೇ ಅರ್ಥ. ಅದನ್ನು ಸರಿಪಡಿಸುವವರೆಗೆ ಟ್ರಾನ್ಸ್‌ಫಾರ್ಮರ್‌ಗೆ ವಿದ್ಯುತ್ ಕೊಡಬೇಡಿ.