ಕ್ವಿನ್ಸ್ ಹಣ್ಣು ಕೆಡದಂತೆ ಇಡೋದು ಹೇಗೆ?

ಕ್ವಿನ್ಸ್ ಅಂದರೆ ಸೇಬು, ಪೇರ್ ಹಣ್ಣಿನ ಬಳಗದ, ಸಾಮಾನ್ಯವಾಗಿ ಬೇಯಿಸಿ ತಿನ್ನುವ ಹಳದಿ ಹಣ್ಣು. ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ, ಅದಕ್ಕೇ ಎಲ್ಲರೂ ಮೋಸ ಹೋಗ್ತಾರೆ. ಸ್ವಲ್ಪ ಜೋರಾಗಿ ಬುಟ್ಟಿಗೆ ಹಾಕಿದರೂ ಸಾಕು, ಪೆಟ್ಟು ಬಿದ್ದ ಜಾಗ ಕಂದು ಬಣ್ಣಕ್ಕೆ ತಿರುಗಿ ಅಲ್ಲಿಂದಲೇ ಕೊಳೆಯೋಕೆ ಶುರುವಾಗುತ್ತದೆ. ಮೊಟ್ಟೆ ಹಿಡಿದ ಹಾಗೆ ಹಿಡಿಯಿರಿ.

ಇನ್ನೂ ಹಸಿರಿದ್ದರೆ ಫ್ರಿಜ್‌ಗೆ ಹಾಕಬೇಡಿ. ಹೊರಗೆ ಬಿಟ್ಟರೆ ನಿಧಾನಕ್ಕೆ ಹಳದಿಯಾಗುತ್ತದೆ, ಕೋಣೆಯೆಲ್ಲ ಘಮ್ಮನ್ನುತ್ತದೆ. ಹಣ್ಣಾದ ಮೇಲೂ ಮೆತ್ತಗಾಗೋದಿಲ್ಲ, ಅದಕ್ಕೆ ಕಾಯಬೇಡಿ. ಬಣ್ಣ, ವಾಸನೆ ನೋಡಿಯೇ ತಿಳಿಯಬೇಕು.

ಜಾಸ್ತಿ ದಿನ ಇಡಬೇಕಾದರೆ ಪೆಟ್ಟಾಗದ, ಹುಳು ಬೀಳದ ಹಣ್ಣುಗಳನ್ನು ಮಾತ್ರ ಆರಿಸಿ, ತೊಳೆಯದೆ, ತಂಪಾದ, ಕತ್ತಲೆಯ, ಗಾಳಿಯಾಡುವ ಜಾಗದಲ್ಲಿ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರದಲ್ಲಿ ಜೋಡಿಸಿ. ಮೇಲಿನ ನವಿರಾದ ನೂಲಿನಂಥ ರೋಮವನ್ನು ಅಡುಗೆ ಮಾಡುವಾಗ ಬಟ್ಟೆಯಿಂದ ಒರೆಸಿದರಾಯ್ತು. ಹೀಗಿಟ್ಟರೆ 2-3 ತಿಂಗಳು ಬರುತ್ತದೆ. ವಾರಕ್ಕೊಮ್ಮೆ ನೋಡಿ, ಕೆಟ್ಟಿದ್ದನ್ನು ತಕ್ಷಣ ತೆಗೆದುಬಿಡಿ.

ಜಾಗ ಇಲ್ವಾ? ಹಣ್ಣಾದದ್ದನ್ನು ಒಂದೊಂದಾಗಿ ಪೇಪರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ, ಎರಡು ವಾರಕ್ಕೆ ಮೋಸವಿಲ್ಲ. ಆದರೆ ಸೇಬು, ಪೇರ್ ಹಣ್ಣಿನ ಪಕ್ಕ ಮಾತ್ರ ಬೇಡ. ಕ್ವಿನ್ಸ್ ವಾಸನೆ ಅವಕ್ಕೆ ಹತ್ತಿಬಿಡುತ್ತದೆ. ಬೆಣ್ಣೆಗೂ ಅಷ್ಟೇ!

ಫ್ರೀಜರ್‌ಗೆ ಇಡೀ ಹಣ್ಣು ಹಾಕೋದು ನನಗೇನೋ ಸರಿ ಅನ್ನಿಸಲ್ಲ. ಸಿಪ್ಪೆ, ಬೀಜ ತೆಗೆದು ಹೋಳು ಮಾಡಿ, ಸಕ್ಕರೆ ನೀರಿನಲ್ಲಿ ಮೆತ್ತಗೆ ಬೇಯಿಸಿ, ಆರಿಸಿ, ಡಬ್ಬಿಗೆ ತುಂಬಿ ಇಡಿ. ಹೆಚ್ಚಿದ ಹೋಳು ಬೇಗ ಕಪ್ಪಾಗುತ್ತದೆ, ಹಾಗಾಗಿ ಬೇಯಿಸೋವರೆಗೆ ನಿಂಬೆರಸ ಹಿಂಡಿದ ನೀರಿನಲ್ಲಿ ಮುಳುಗಿಸಿಡಿ.