ಬಲವಿಲ್ಲದೆ ಹಲ್ಲುಜ್ಜುವ ಬಗೆ

ಜೋರಾಗಿ ಉಜ್ಜಿದಷ್ಟೂ ಹಲ್ಲು ಹೆಚ್ಚು ಸ್ವಚ್ಛವಾಗುತ್ತದೆ ಎಂಬ ನಂಬಿಕೆ ಬಹಳ ಮಂದಿಗಿದೆ. ಆದರೆ ಬ್ರಷ್‌ನಿಂದ ತೆಗೆಯಬೇಕಾದ ಪ್ಲೇಕ್ ಎಂಬುದು ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ, ಉಗುರಿನಿಂದ ಕೆರೆದರೂ ಬಿಟ್ಟುಬರುವಷ್ಟು ಮೆತ್ತನೆಯ ಪದರ. ಬ್ರಷ್‌ನ ಎಳೆಗಳು ಅದಿರುವ ಜಾಗವನ್ನು ಮುಟ್ಟಿದರೆ ಸಾಕು. ಅದೇ ಪದರ ಜೊಲ್ಲಿನಲ್ಲಿರುವ ಖನಿಜಗಳಿಂದ ಗಟ್ಟಿಯಾಗಿ ಟಾರ್ಟರ್ ಆದ ಮೇಲೆ ಎಷ್ಟು ತಿಕ್ಕಿದರೂ ಬಿಡುವುದಿಲ್ಲ, ದಂತವೈದ್ಯರ ಉಪಕರಣವೇ ಬೇಕು. ಹೀಗಾಗಿ ಬಲಪ್ರಯೋಗ ಎರಡೂ ಸ್ಥಿತಿಗಳಲ್ಲಿ ವ್ಯರ್ಥ.

ವ್ಯರ್ಥವಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ದಿನವೂ ಒತ್ತಿ ಉಜ್ಜುತ್ತಿದ್ದರೆ ಒಸಡು ನಿಧಾನವಾಗಿ ಸರಿದು ಹಲ್ಲಿನ ಬೇರು ಹೊರಗೆ ಕಾಣತೊಡಗುತ್ತದೆ. ಹಲ್ಲಿನ ಮೇಲ್ಭಾಗಕ್ಕೆ ದೇಹದಲ್ಲೇ ಅತ್ಯಂತ ಗಟ್ಟಿಯಾದ ಎನಾಮಲ್‌ನ ಹೊದಿಕೆಯಿದೆ, ಬೇರಿಗೆ ಅದಿಲ್ಲ. ಅಲ್ಲಿರುವ ತೆಳುವಾದ ಪದರ ಬೇಗ ಸವೆದು ಹಲ್ಲಿನ ಒಳಪದರವಾದ ಡೆಂಟಿನ್‌ನ ಸೂಕ್ಷ್ಮ ನಾಳಗಳು ತೆರೆದುಕೊಳ್ಳುವುದರಿಂದ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ. ಸರಿದ ಒಸಡು ತಾನಾಗಿ ಮತ್ತೆ ಬೆಳೆಯುವುದಿಲ್ಲ.

ಆದ್ದರಿಂದ ಮೆತ್ತನೆಯ ಎಳೆಗಳಿರುವ, ತಲೆ ಚಿಕ್ಕದಾದ ಬ್ರಷ್ ಆರಿಸಿಕೊಳ್ಳಬೇಕು. ಅದನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳತುದಿಗಳಲ್ಲಿ ಹಿಡಿದರೆ ಒತ್ತಡ ತಾನಾಗಿಯೇ ಇಳಿಯುತ್ತದೆ. ನನ್ನ ಮಟ್ಟಿಗೆ, ಬೇರೆಲ್ಲ ಸೂಚನೆಗಳಿಗಿಂತ ಈ ಒಂದು ಬದಲಾವಣೆಯೇ ಹೆಚ್ಚು ಫಲ ಕೊಡುತ್ತದೆ. ಎಳೆಗಳ ತುದಿಯನ್ನು ಹಲ್ಲು ಮತ್ತು ಒಸಡು ಕೂಡುವ ಗೆರೆಯ ಮೇಲೆ ಸುಮಾರು 45 ಡಿಗ್ರಿ ಓರೆಯಾಗಿರಿಸಿ, ಒಮ್ಮೆಗೆ ಎರಡು ಮೂರು ಹಲ್ಲುಗಳನ್ನಷ್ಟೇ ಗಮನದಲ್ಲಿಟ್ಟುಕೊಂಡು, ತುದಿಗಳು ಇದ್ದಲ್ಲಿಯೇ ಅಲುಗಾಡುವಂತೆ ಪುಟ್ಟ ಪುಟ್ಟ ಚಲನೆಗಳಿಂದ ಉಜ್ಜಿ, ಬಳಿಕ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಬ್ರಷ್ಷನ್ನು ಹೊರಳಿಸಬೇಕು. ಎಳೆಗಳು ಬಾಗಿ ಚಪ್ಪಟೆಯಾದರೆ ಒತ್ತಡ ಹೆಚ್ಚಾಗಿದೆ ಎಂದರ್ಥ. ಮುಂಭಾಗದ ಹಲ್ಲುಗಳ ಒಳಮೈಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವುದು ಅನುಕೂಲ. ಅಗಿಯುವ ಮೇಲ್ಮೈಯನ್ನು ಮಾತ್ರ ಹಿಂದಕ್ಕೂ ಮುಂದಕ್ಕೂ ಉಜ್ಜಬಹುದು. ವಿದ್ಯುತ್ ಚಾಲಿತ ಬ್ರಷ್ ಬಳಸುವವರು ಕೈಯಾಡಿಸದೆ ಅದನ್ನು ಹಲ್ಲಿಂದ ಹಲ್ಲಿಗೆ ಸರಿಸುತ್ತ ಹೋದರೆ ಸಾಕು.

ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ 2 ನಿಮಿಷ ಸಾಕಾಗುತ್ತದೆ. ಹಲ್ಲನ್ನು ಕಾಯುವ ಜೊಲ್ಲು ನಿದ್ರೆಯಲ್ಲಿ ಕಡಿಮೆಯಾಗುವುದರಿಂದ ಮಲಗುವ ಮುನ್ನ ಉಜ್ಜುವುದನ್ನು ತಪ್ಪಿಸಬಾರದು. ಫ್ಲೋರೈಡ್ ಇರುವ ಪೇಸ್ಟನ್ನು ಉಗುಳಿದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸದಿದ್ದರೆ ಅದರ ಅಂಶ ಹಲ್ಲಿನ ಮೇಲೆ ಹೆಚ್ಚು ಹೊತ್ತು ಉಳಿಯುತ್ತದೆ. ಹುಳಿ ಹಣ್ಣು ಅಥವಾ ಸೋಡಾದಂತಹ ಆಮ್ಲೀಯ ಪದಾರ್ಥ ಸೇವಿಸಿದ ಕೂಡಲೇ ಉಜ್ಜಬಾರದು. ಆಮ್ಲದಿಂದ ಎನಾಮಲ್‌ನ ಮೇಲ್ಮೈ ತಾತ್ಕಾಲಿಕವಾಗಿ ಮೆದುವಾಗಿರುವುದರಿಂದ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯುವುದು ಒಳ್ಳೆಯದು.

ಬ್ರಷ್ಷನ್ನು 3-4 ತಿಂಗಳಿಗೊಮ್ಮೆ ಬದಲಿಸಬೇಕು. ಅದಕ್ಕಿಂತ ಬಹಳ ಮೊದಲೇ ಎಳೆಗಳು ಕೆದರಿಕೊಂಡರೆ ಬ್ರಷ್ಷನ್ನು ದೂರುವ ಮೊದಲು ಕೈಯ ಒತ್ತಡವನ್ನು ಗಮನಿಸಬೇಕು.

ಉಜ್ಜುವಾಗ ರಕ್ತ ಬಂದರೆ ಹಲವರು ಆ ಭಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ. ಆದರೆ ರಕ್ತಸ್ರಾವಕ್ಕೆ ಸಾಮಾನ್ಯ ಕಾರಣ ಅಲ್ಲಿ ಉಳಿದ ಪ್ಲೇಕ್‌ನಿಂದ ಒಸಡಿಗಾದ ಉರಿಯೂತ. ಬಿಟ್ಟಷ್ಟೂ ಅದು ಹೆಚ್ಚುತ್ತದೆ. ಮೆಲ್ಲಗೆ, ಆದರೆ ತಪ್ಪದೆ ಆ ಜಾಗವನ್ನು ಉಜ್ಜುತ್ತಿದ್ದು, ಎರಡು ವಾರಗಳಲ್ಲಿ ರಕ್ತ ನಿಲ್ಲದಿದ್ದರೆ ದಂತವೈದ್ಯರಿಗೆ ತೋರಿಸಬೇಕು.