ಅಶ್ವಗಂಧದ ಬೇರು, ಮಣ್ಣಿಲ್ಲದೆ

ಹೊಲದಲ್ಲಿ ಅಶ್ವಗಂಧದ ಬೇರು ಕೀಳಬೇಕಂದರೆ ಐದಾರು ತಿಂಗಳು ಕಾಯಬೇಕು. ಲ್ಯಾಬಿನಲ್ಲಿ ನಾಲ್ಕೈದು ವಾರಕ್ಕೇ ಫ್ಲಾಸ್ಕ್ ತುಂಬ ಬೇರು. ಕೇಳೋಕೆ ಚೆನ್ನಾಗಿದೆ, ಅಲ್ವಾ? ನನ್ನ ಕೇಳಿದರೆ ಬೇರು ಬರಿಸೋದು ಸುಲಭ, ಆಮೇಲೆ ಬ್ಯಾಕ್ಟೀರಿಯಾ ಓಡಿಸೋದೇ ನಿಜವಾದ ಕೆಲಸ.

ನಾನು ಮಾಡುವುದು ಹೇರಿ ರೂಟ್ ಕಲ್ಚರ್, ಅಂದರೆ ಮೈತುಂಬ ಕೂದಲಿರುವ ಬೇರನ್ನು ಲ್ಯಾಬಿನಲ್ಲಿ ಬೆಳೆಸೋದು. ಅಗ್ರೋಬ್ಯಾಕ್ಟೀರಿಯಂ ರೈಜೋಜೀನ್ಸ್ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ಗಿಡದ ಗಾಯದಲ್ಲಿ ಸೇರಿಕೊಂಡು ತನ್ನ ಡಿಎನ್ಎಯ ಒಂದು ತುಂಡನ್ನು ಗಿಡದ ಕೋಶಕ್ಕೆ ದಾಟಿಸುತ್ತದೆ. ಅದರಲ್ಲಿರುವ ರೋಲ್ ಜೀನ್‌ಗಳಿಂದ ಅಲ್ಲೇ ಬೇರು ಒಡೆಯುತ್ತದೆ, ಹಾರ್ಮೋನ್ ಹಾಕದಿದ್ದರೂ ಬೆಳೆಯುತ್ತಾ ಹೋಗುತ್ತದೆ.

ಶುದ್ಧವಾಗಿ ಮೊಳೆಸಿದ ಸಸಿಯ ಎಲೆ ತೆಗೆದು, ಬ್ಯಾಕ್ಟೀರಿಯಾದಲ್ಲಿ ಅದ್ದಿದ ಸೂಜಿಯಿಂದ ನಡುನರಕ್ಕೆ ಚುಚ್ಚುತ್ತೇನೆ. ಎರಡು ದಿನ ಕತ್ತಲಲ್ಲಿ ಬಿಟ್ಟು ಸೆಫೊಟ್ಯಾಕ್ಸಿಮ್ ಅನ್ನುವ ಬ್ಯಾಕ್ಟೀರಿಯಾ ಕೊಲ್ಲುವ ಔಷಧ ಇರುವ ಮೀಡಿಯಾಗೆ (ಗಿಡಕ್ಕೆ ಪೋಷಕಾಂಶ ಕೊಡುವ ಮಾಧ್ಯಮ) ಹಾಕುತ್ತೇನೆ. ಚುಚ್ಚಿದ ಜಾಗದಲ್ಲೇ ಬಿಳಿ ಬೇರು ಇಣುಕುತ್ತದೆ, ಮೈತುಂಬ ಕೂದಲು. ತುದಿ ಕತ್ತರಿಸಿ ಹೊಸ ತಟ್ಟೆಗೆ, ವಾರ ಬಿಟ್ಟು ಮತ್ತೆ ಹೊಸ ತಟ್ಟೆಗೆ, ಪ್ರತಿ ಸಲ ಔಷಧ ಸ್ವಲ್ಪ ಕಡಿಮೆ. ಬೇರಿನ ಸುತ್ತ ಮಸುಕು ಲೋಳೆ ಕಂಡರೆ ಬ್ಯಾಕ್ಟೀರಿಯಾ ಇನ್ನೂ ಇದೆ ಅಂತ ಅರ್ಥ. ಕಣ್ಣಿಗೆ ಶುಭ್ರ ಕಂಡರೂ ಸುಮ್ನೆ ನಂಬಬೇಡಿ. ಪಿಸಿಆರ್‌ನಲ್ಲಿ (ಜೀನ್ ಹುಡುಕುವ ಪರೀಕ್ಷೆ) ಗಿಡಕ್ಕೆ ದಾಟಿದ ರೋಲ್ ಬಿ ಜೀನ್ ಬರಬೇಕು, ಬ್ಯಾಕ್ಟೀರಿಯಾದಲ್ಲೇ ಉಳಿಯುವ ವಿರ್ ಜೀನ್ ಬರಬಾರದು. ಬಂದರೆ ಬ್ಯಾಕ್ಟೀರಿಯಾ ಒಳಗೇ ಅಡಗಿದೆ.

ಒಂದೊಂದು ಬೇರೂ ಒಂದೊಂದು ಲೈನ್, ಅಂದರೆ ಪ್ರತ್ಯೇಕ ತಳಿ, ಗುಣವೂ ಬೇರೆ ಬೇರೆ. ಬೇಗ ಬೆಳೆಯುವುದರಲ್ಲೇ ವಿಥನೊಲೈಡ್ ಎ (ಅಶ್ವಗಂಧದ ಒಂದು ಔಷಧೀಯ ಸಾರ) ಜಾಸ್ತಿ ಇರುತ್ತದೆ ಅಂತೇನಿಲ್ಲ. ಹಾಗಾಗಿ ಎಚ್‌ಪಿಎಲ್‌ಸಿಯಲ್ಲಿ (ಸಾರ ಎಷ್ಟಿದೆ ಅಂತ ಅಳೆಯುವ ವಿಧಾನ) ನೋಡಿಯೇ ಲೈನ್ ಆರಿಸುತ್ತೇನೆ.

ಆಮೇಲೆ ಅರ್ಧ ಬಲದ ಎಂಎಸ್ ದ್ರವ (ಗಿಡಕ್ಕೆ ಬೇಕಾದ ಲವಣ, ಪೋಷಕಾಂಶಗಳ ದ್ರಾವಣ), 3% ಸಕ್ಕರೆ, ಪಿಎಚ್ 5.8, ಕತ್ತಲು, 25 ಡಿಗ್ರಿ, ನಿಧಾನವಾಗಿ ಅಲ್ಲಾಡುವ ಶೇಕರ್. ಬೇರು ಬೇಯಿಸಿದ ಶಾವಿಗೆಯ ಹಾಗೆ ಹೆಣೆದುಕೊಳ್ಳುತ್ತದೆ. ಮುದ್ದೆ ದಪ್ಪವಾದರೆ ನಡುವಿಗೆ ಆಮ್ಲಜನಕ ಸಿಗದೆ ಕಂದಾಗುತ್ತದೆ, ಅಷ್ಟರೊಳಗೆ ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕಬೇಕು. ಔಷಧೀಯ ಸಾರ ಹೆಚ್ಚಿಸಲು ಮೀಥೈಲ್ ಜಾಸ್ಮೊನೇಟ್ ಅನ್ನುವ ಸಸ್ಯ ಹಾರ್ಮೋನ್ ಹಾಕುತ್ತಾರೆ. ಅದು ಬೆಳವಣಿಗೆ ತಡೆಯುತ್ತದೆ, ಅದಕ್ಕೇ ನಾನು ಬೇರು ತುಂಬಿದ ಮೇಲೆ, ಕೊನೇ ವಾರದಲ್ಲಿ ಹಾಕುತ್ತೇನೆ.

ಇದರಲ್ಲಿ ದುಡ್ಡಿದೆಯಾ ಅಂತ ಬಹಳ ಜನ ಕೇಳುತ್ತಾರೆ. ಅಶ್ವಗಂಧಕ್ಕೆ ಇಲ್ಲ ಬಿಡಿ, ಹೊಲದ ಬೇರೇ ಅಗ್ಗ. ಜಿನ್ಸೆಂಗ್ ಕಥೆ ಬೇರೆ: ಹೊಲದಲ್ಲಿ ಐದಾರು ವರ್ಷ ಬೇಕು, ಅದಕ್ಕೇ ಕೊರಿಯಾದವರು ಅದರ ಬೇರನ್ನು ದೊಡ್ಡ ಟ್ಯಾಂಕುಗಳಲ್ಲಿ ಬೆಳೆಸುತ್ತಾರೆ. ನಮ್ಮಲ್ಲಿ ಉಪ್ಪಿನಕಾಯಿಗಾಗಿ ಕಾಡಿನಿಂದ ಬುಡಸಮೇತ ಅಗೆಯುವ ಮಾಗಳಿ ಬೇರಿಗೆ ಈ ವಿಧಾನ ಒಗ್ಗೀತು ಅಂತ ನನ್ನ ಲೆಕ್ಕ. ಈಗ ಅದರ ಎಲೆಗೆ ಸೂಜಿ ಚುಚ್ಚುತ್ತಿದ್ದೇನೆ.